ಮಂಜಿನಲ್ಲಿ ವಿಡಿಯೋ: ಬಿಳುಪು ಬೂದುಬಣ್ಣವಾಗದಂತೆ

ಜನವರಿಯ ಬೆಳಗ್ಗೆ ನಂದಿಬೆಟ್ಟದಲ್ಲಿ ಕಾಣುವ ಮಂಜೇ ಬೇರೆ, ಜುಲೈನಲ್ಲಿ ಮುಳ್ಳಯ್ಯನಗಿರಿಯನ್ನು ಕವಿಯುವ ಮಂಜೇ ಬೇರೆ. ಮೊದಲನೆಯದು ರಾತ್ರಿ ನೆಲ ತಣಿದು ತಗ್ಗಿನಲ್ಲಿ ತುಂಬಿಕೊಳ್ಳುವಂಥದ್ದು. 1478 ಮೀಟರ್ ಎತ್ತರದಲ್ಲಿ ನಿಂತವರಿಗೆ ಅದು ಎಷ್ಟೋ ಸಲ ಕಾಲ ಕೆಳಗೇ ಇರುತ್ತದೆ, ಬಿಸಿಲೇರಿದಂತೆ ಕರಗುತ್ತದೆ. ಎರಡನೆಯದು ಬೆಟ್ಟಕ್ಕೆ ತಾಗಿ ನಿಂತ ಮೋಡ. ಅದು ದಿನವಿಡೀ ಇರಬಹುದು, ಆದರೆ ಕ್ಯಾಮೆರಾವನ್ನು ತೋಯಿಸುತ್ತದೆ. ನಂದಿಗೆ ಹೋಗುವವರು ಗೇಟ್ ತೆರೆಯುವ ಸಮಯ ಮೊದಲೇ ವಿಚಾರಿಸಿಕೊಳ್ಳಿ. ಮಲೆನಾಡಿಗೆ ಹೋಗುವವರಿಗೆ ಮಳೆಹೊದಿಕೆ ಮತ್ತು ನಾಲ್ಕೈದು ಒಣ ಮೈಕ್ರೋಫೈಬರ್ ಬಟ್ಟೆ ಬೇಕು.

ಹೆಚ್ಚಿನವರು ಎಡವುವುದು ಎಕ್ಸ್‌ಪೋಷರ್‌ನಲ್ಲಿ, ಅಂದರೆ ಎಷ್ಟು ಬೆಳಕು ಕೊಡಬೇಕೆಂಬಲ್ಲಿ. ಕ್ಯಾಮೆರಾದ ಮೀಟರ್ ಎದುರಿಗೆ ಕಂಡದ್ದನ್ನು ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಹಾಗಾಗಿ ಫ್ರೇಮ್ ತುಂಬ ಮಂಜಿದ್ದರೆ ಚಿತ್ರ ಮಂಕಾಗುತ್ತದೆ. ಮೀಟರ್ ಹೇಳಿದ್ದಕ್ಕಿಂತ 0.7ರಿಂದ 1 ಸ್ಟಾಪ್ ಹೆಚ್ಚು ಕೊಡಿ (ಒಂದು ಸ್ಟಾಪ್ ಹೆಚ್ಚೆಂದರೆ ಬೆಳಕು ಎರಡರಷ್ಟು). ಹಿಸ್ಟೋಗ್ರಾಮ್‌ನ (ಎಡದಲ್ಲಿ ಕಪ್ಪು, ಬಲದಲ್ಲಿ ಬಿಳುಪು ಎಷ್ಟಿದೆ ಎಂದು ತೋರಿಸುವ ನಕ್ಷೆ) ಗುಡ್ಡ ನಡುವಿನಿಂದ ಬಲಕ್ಕೆ ಸರಿಯಬೇಕು, ಬಲದ ಅಂಚಿಗೆ ಮಾತ್ರ ತಾಗಬಾರದು. ಸೆಕೆಂಡಿಗೆ 25 ಫ್ರೇಮ್ ಆದರೆ ಶಟರ್ 1/50 ಸೆಕೆಂಡ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣದ ಹೊಂದಾಣಿಕೆ) 5600 ಕೆಲ್ವಿನ್, ಎಲ್ಲವೂ ಮ್ಯಾನುಯಲ್. ಮಂಜಿನ ದಪ್ಪ ನಿಮಿಷಕ್ಕೊಂದು ಥರ ಇರುತ್ತದೆ. ಆಟೋದಲ್ಲಿ ಬಿಟ್ಟರೆ ಒಂದೇ ಶಾಟ್‌ನೊಳಗೆ ಬೆಳಕೂ ಬಣ್ಣವೂ ಏರಿಳಿಯುತ್ತವೆ, ಅದನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಮೊಬೈಲ್ ಆದರೆ ಹತ್ತಿರದ ಮರದ ಮೇಲೆ ಬೆರಳು ಒತ್ತಿಹಿಡಿದು ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ, ಆಮೇಲೆ ಬೆಳಕು ಹೊಂದಿಸಿಕೊಳ್ಳಿ.

ಆಟೋಫೋಕಸ್‌ಗೆ ಹಿಡಿದುಕೊಳ್ಳಲು ಕಾಂಟ್ರಾಸ್ಟ್, ಅಂದರೆ ಬೆಳಕು–ನೆರಳಿನ ವ್ಯತ್ಯಾಸ ಬೇಕು. ಮಂಜಿನಲ್ಲಿ ಅದೇ ಇರುವುದಿಲ್ಲವಾದ್ದರಿಂದ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಕಾಂಡ, ಬೇಲಿಗೂಟದಂಥ ಗಟ್ಟಿ ಅಂಚನ್ನು ಸ್ಕ್ರೀನ್ ಮೇಲೆ ಹಿಗ್ಗಿಸಿ ನೋಡಿ, ಕೈಯಲ್ಲೇ ಫೋಕಸ್ ಮಾಡಿ.

ಮಂಜು ಚಿತ್ರದಲ್ಲಿ ಮಂಜಾಗಿ ಕಾಣಬೇಕಾದರೆ ಅದು ಎಷ್ಟು ಆಳ ಎಂದು ಹೇಳುವ ವಸ್ತುಗಳು ಬೇಕು. ಕಾಫಿ ತೋಟ ಇದಕ್ಕೆ ಹೇಳಿಮಾಡಿಸಿದ ಜಾಗ: ಮುಂದೆ ಕಪ್ಪಗೆ ಒಂದು ಸಿಲ್ವರ್ ಓಕ್, ಅದರ ಹಿಂದೆ ಬೂದುಬಣ್ಣದ ಇನ್ನೊಂದು, ಅದಕ್ಕೂ ಹಿಂದೆ ಬರೀ ನೆರಳಿನಂತೆ ಮತ್ತೊಂದು. ದೂರದಿಂದ ಟೆಲಿಫೋಟೋದಲ್ಲಿ ತೆಗೆದರೆ ನಡುವಿನ ಮಂಜಿನ ಪದರ ದಪ್ಪವಾಗುತ್ತದೆ. ಹತ್ತಿರ ಹೋಗಿ ವೈಡ್‌ನಲ್ಲಿ ತೆಗೆದರೆ ಮುಂದಿನ ಮರ ಸ್ಪಷ್ಟವಾಗಿ, ಉಳಿದದ್ದು ಮಸುಕಾಗಿ ಉಳಿಯುತ್ತದೆ. ಸೂರ್ಯ ಮರದ ಹಿಂದಿರಲಿ. ಹನಿಗಳು ಬೆಳಕನ್ನು ಹೆಚ್ಚಾಗಿ ಅದು ಸಾಗುವ ದಿಕ್ಕಿಗೇ ಚದುರಿಸುವುದರಿಂದ ಬಿಸಿಲಕೋಲು ಕಾಣುವುದು ಬೆಳಕಿಗೆ ಮುಖ ಮಾಡಿ ನಿಂತಾಗ. ಕ್ಯಾಮೆರಾ ಮೇಲೆಯೇ ಲೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಲೈಟ್ ಬೇಕೇ ಬೇಕಿದ್ದರೆ ಪಕ್ಕದಿಂದ ಅಥವಾ ವ್ಯಕ್ತಿಯ ಹಿಂದಿನಿಂದ ಕೊಡಿ.

ಮಂಜಿನ ಚಲನೆ ಬರಿಗಣ್ಣಿಗೆ ನಿಧಾನ. ಎರಡು ಸೆಕೆಂಡಿಗೊಂದರಂತೆ 250 ಫ್ರೇಮ್ ತೆಗೆಯಿರಿ. ಎಂಟು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ 10 ಸೆಕೆಂಡಿನ ಟೈಮ್‌ಲ್ಯಾಪ್ಸ್ (ನಿಧಾನ ಚಲನೆಯನ್ನು ವೇಗವಾಗಿ ತೋರಿಸುವ ವಿಡಿಯೋ) ಸಿದ್ಧ.

ರೆಕಾರ್ಡಿಂಗ್ 10 ಬಿಟ್‌ನಲ್ಲಿ ಆದರೆ ಒಳ್ಳೆಯದು (ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆಗಳು ಹೆಚ್ಚು). 8 ಬಿಟ್‌ನಲ್ಲಿ ಬಿಳಿಯಿಂದ ಬೂದುಬಣ್ಣಕ್ಕೆ ಇಳಿಯುವ ನಯವಾದ ಜಾಗ ಮೆಟ್ಟಿಲುಮೆಟ್ಟಿಲಾಗಿ ಒಡೆದು ಕಾಣುತ್ತದೆ, ಲಾಗ್ ಪ್ರೊಫೈಲ್ (ಬೆಳಕು–ನೆರಳಿನ ವಿವರ ಹೆಚ್ಚು ಉಳಿಸಲು ಚಿತ್ರವನ್ನು ಮಂಕಾಗಿ ದಾಖಲಿಸುವ ಸೆಟ್ಟಿಂಗ್) ಹಾಕಿದರೆ ಇನ್ನೂ ಕೆಡುತ್ತದೆ. ಮಂಜಿನ ದೃಶ್ಯದಲ್ಲಿ ಬೆಳಕು–ನೆರಳಿನ ಅಂತರವೇ ಕಡಿಮೆ, ಲಾಗ್‌ನ ಅಗತ್ಯವೂ ಅಷ್ಟಿಲ್ಲ. ಎಡಿಟಿಂಗ್‌ನಲ್ಲಿ ಡಿಹೇಜ್ ಮುಟ್ಟಬೇಡಿ. ಕಷ್ಟಪಟ್ಟು ಹಿಡಿದ ಮಂಜನ್ನೇ ಅದು ಅಳಿಸುತ್ತದೆ. ತೀರಾ ಮುಂದಿರುವ ಕಾಂಡ ಕಪ್ಪಾಗುವಷ್ಟು ಮಾತ್ರ ಬ್ಲ್ಯಾಕ್ಸ್ (ಕಪ್ಪು ಭಾಗಗಳ ಮಟ್ಟ) ಇಳಿಸಿ, ಹಿಂದಿನ ಮರಗಳು ಬೂದುಬಣ್ಣವಾಗಿಯೇ ಇರಲಿ.

ಡ್ರೋನ್ ಹಾರಿಸಬೇಡಿ. ಕಣ್ಣಿಗೆ ಕಾಣದಂತಾಗುತ್ತದೆ, ಅಡ್ಡಿ ಗುರುತಿಸುವ ಸೆನ್ಸರ್‌ಗಳನ್ನೂ ನಂಬುವಂತಿಲ್ಲ.

ಲೆನ್ಸ್ ಮಬ್ಬಾಗುವುದು ತಣ್ಣನೆಯ ಗಾಜಿಗೆ ಬೆಚ್ಚನೆಯ ತೇವದ ಗಾಳಿ ತಾಗಿದಾಗ. ಕಾರಿನ ಎಸಿಯಿಂದ ನೇರ ಘಾಟಿಯ ತೇವಕ್ಕೆ ಇಳಿಸಿದರೂ ಹಾಗೇ, ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದರೂ ಹಾಗೇ. ತಲುಪುವ ಮುಂಚೆಯೇ ಎಸಿ ನಿಲ್ಲಿಸಿ ಕಿಟಕಿ ಇಳಿಸಿ. ವಾಪಸಾಗುವಾಗ ಹೊರಗಡೆಯೇ ಮೇಲ್ಮೈ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕ್ಯಾಮೆರಾವನ್ನು ಜಿಪ್‌ಲಾಕ್ ಚೀಲದೊಳಗೆ ಮುಚ್ಚಿ, ಒಂದು ಗಂಟೆ ತೆರೆಯಬೇಡಿ. ಮೆಮೊರಿ ಕಾರ್ಡನ್ನು ಚೀಲಕ್ಕೆ ಹಾಕುವ ಮೊದಲೇ ತೆಗೆದಿಟ್ಟುಕೊಳ್ಳಿ.