ಪ್ರೆಸ್ಸಿನ ಕಂಪ್ಯೂಟರಿಗೆ ಹೊಸ ವರ್ಷನ್ ಹಾಕುವ ಮುಂಚೆ

ಗದಗ-ಬೆಟಗೇರಿಯ ಪ್ರೆಸ್ಸುಗಳಲ್ಲಿ ಹಳೇ ಫೈಲೇ ಆಸ್ತಿ. ಗಿರಾಕಿ ಬಂದು ‘ಹೋದ ಸಲದ ಬಿಲ್‌ಬುಕ್ಕೇ ಹೊಡದುಕೊಡ್ರಿ, ನಂಬರ್ ಅಷ್ಟ ಮುಂದಿಂದು’ ಅಂದರೆ, ಆ ಫೈಲು ಇದ್ದ ಹಾಗೇ ತೆರೆಯಬೇಕು. ಹೊಸ ವರ್ಷನ್ನಿನಲ್ಲಿ ಏನೇನು ಬಂದಿದೆ ಎಂಬುದನ್ನು ಆಮೇಲೆ ನೋಡಿದರಾಯಿತು.

ವಿಂಡೋಸ್ ಮಾತು ಬೇರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೇಲ್, ವಾಟ್ಸ್‌ಆ್ಯಪ್, ಗಿರಾಕಿಗಳ ಪೆನ್‌ಡ್ರೈವ್ ಎಲ್ಲ ಬರುವ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸಲೇಬೇಕು. ಅದಕ್ಕೆ ಟಿಪಿಎಂ 2.0 (ಕಂಪ್ಯೂಟರಿನೊಳಗಿನ ಭದ್ರತಾ ವ್ಯವಸ್ಥೆ) ಬೇಕು. ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿ ಇಲ್ಲ, ಹಾಗಾಗಿ ಹಳೇ ಲೇಸರ್ ಪ್ರಿಂಟರಿನ 32-ಬಿಟ್ ಡ್ರೈವರ್ ನಡೆಯುವುದಿಲ್ಲ. 64-ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಇರುವ ಕಂಪ್ಯೂಟರನ್ನು ಮುಟ್ಟಬೇಡಿ, ಇಂಟರ್ನೆಟ್ ವೈರ್ ಕಿತ್ತಿಡಿ.

ಪೇಜ್‌ಮೇಕರ್ 7ರ ಮುಂದಿನ ವರ್ಷನ್ ಬರಲೇ ಇಲ್ಲ. ಅದರ ಫೈಲುಗಳನ್ನು ಪುಟ ಜೋಡಿಸುವ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್‌ನ ಸಿಎಸ್6 ವರ್ಷನ್‌ವರೆಗೆ ತೆರೆಯಬಹುದು, ಅದರ ನಂತರದ ಸಿಸಿ ತೆರೆಯುವುದಿಲ್ಲ. ಹೊಸ ಇನ್‌ಡಿಸೈನ್ ತಗೊಂಡರೆ ಹಳೇ ಕೆಲಸವೆಲ್ಲ ಅದರಲ್ಲಿ ತೆರೆದೀತು ಎಂದು ನಂಬಿ ದುಡ್ಡು ಹಾಕಬೇಡಿ.

ನಿಜವಾದ ಪರೀಕ್ಷೆ ಅಕ್ಷರದ್ದು. ಹಳೇ ನುಡಿ, ಬರಹ ಫಾಂಟುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದವು. ಒತ್ತು, ಅರ್ಕಾವತ್ತು ಪ್ರತ್ಯೇಕ ತುಣುಕುಗಳಾಗಿ ಇರುತ್ತವೆ. ಹೊಸ ಸಾಫ್ಟ್‌ವೇರ್ ಆ ಸಂಕೇತವನ್ನು ಬೇರೆ ರೀತಿ ಓದಿದರೆ ಒತ್ತು ಹಾರಿಹೋಗುತ್ತದೆ, ಇಲ್ಲವೇ ಅಲ್ಲೊಂದು ಚೌಕ ಕೂರುತ್ತದೆ. ಇಡೀ ಸಾಲು ಸರಿಯಿದ್ದು ಒಂದೇ ಅಕ್ಷರ ಕೆಟ್ಟಿರುತ್ತದೆ; ಅದು ಕಣ್ಣಿಗೆ ಬೀಳುವುದು ಸಾವಿರ ಲಗ್ನಪತ್ರಿಕೆ ಹೊಡೆದ ಮೇಲೆ.

ಹೊಸದನ್ನು ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ. ಹಳೇ ಕಂಪ್ಯೂಟರಿನ ಫಾಂಟುಗಳನ್ನೇ ನಕಲು ಮಾಡಿ ತನ್ನಿ. ಹೆಸರು ಒಂದೇ ಇದ್ದರೂ ಫಾಂಟಿನ ವರ್ಷನ್ ಬೇರೆಯಾದರೆ ಅಕ್ಷರದ ಅಗಲ ಬದಲಾಗಿ ಸಾಲು ಜಿಗಿಯುತ್ತದೆ. ಲಗ್ನಪತ್ರಿಕೆ, ಬಿಲ್‌ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ ಹೀಗೆ ಐದಾರು ಫೈಲು ಆರಿಸಿ, ‘ಲಕ್ಷ್ಮೇಶ್ವರ’, ‘ಆಶೀರ್ವಾದ’, ‘ಧರ್ಮಪತ್ನಿ’ ಥರದ ಪದ ಇರುವಂಥವು. ಎರಡೂ ಕಡೆ ಪ್ರಿಂಟ್ ತೆಗೆದು ಒಂದರ ಮೇಲೊಂದಿಟ್ಟು ಕಿಟಕಿ ಬೆಳಕಿಗೆ ಹಿಡಿಯಿರಿ. ಎಲ್ಲಿ ಅಕ್ಷರ ಎರಡೆರಡು ಕಾಣುತ್ತದೋ ಅಲ್ಲೇ ತಪ್ಪು. ಸ್ಕ್ರೀನ್ ನೋಡಿ ಮುಗಿಸಿದರೆ ಇದು ಸಿಗುವುದಿಲ್ಲ.

ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಇನ್ನೊಂದು ತೊಡಕಿದೆ. ಹೊಸ ವರ್ಷನ್ನಿನ ಫೈಲನ್ನು ಹಳೆಯದು ತೆರೆಯುವುದಿಲ್ಲ. ಮುದ್ರಣದ ಪ್ಲೇಟ್ ಮಾಡಿಸಲು ಹುಬ್ಬಳ್ಳಿಗೆ ಫೈಲು ಕಳಿಸುವವರು ಅಲ್ಲಿ ಯಾವ ವರ್ಷನ್ ಇದೆ ಎಂದು ಕೇಳಿ, ‘ಸೇವ್ ಆ್ಯಸ್’ನಲ್ಲಿ ಅದನ್ನೇ ಆರಿಸಿ, ಇಲ್ಲವೇ ಅಕ್ಷರಗಳನ್ನು ಕರ್ವ್ ಮಾಡಿ (ಅಂದರೆ ಬರೀ ಗೆರೆಗಳ ಆಕಾರವಾಗಿಸಿ) ಪಿಡಿಎಫ್ ಕಳಿಸಿ. ಕರ್ವ್ ಮಾಡುವ ಮುಂಚಿನ ಫೈಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ; ಕರ್ವ್ ಆದ ಮೇಲೆ ಮುಂದಿನ ವರ್ಷ ತಾರೀಖು ತಿದ್ದಲಾಗದು.

ಲಗ್ನಸರಾಯಿ ನಡುವೆ ಏನನ್ನೂ ಬದಲಿಸಬೇಡಿ. ವಿಂಡೋಸ್ 11ಕ್ಕೆ ಹೋದ ಮೇಲೆ 10 ದಿನದೊಳಗೆ ಹಿಂದಕ್ಕೆ ಬರಬಹುದು, ಆ ದಿನಗಳಲ್ಲಿ ಕೆಲಸ ಕಡಿಮೆ ಇರಬೇಕು. ಬದಲಾವಣೆ ಶುರು ಮಾಡುವ ಮೊದಲು ಫೈಲುಗಳೆಲ್ಲ ಬೇರೆ ಹಾರ್ಡ್‌ಡಿಸ್ಕಿಗೆ ಹೋಗಿರಲಿ, ಅಲ್ಲಿಂದ ಎರಡು ಫೈಲು ತೆರೆದೂ ನೋಡಿರಿ.