ಇಷ್ಟದ ಸಿನಿಮಾ ಡಿಸ್ಕ್‌ನಲ್ಲೇ ಇರಲಿ: ಕಲಬುರಗಿಯ ನಮ್ಮ ಮನೆಯ ಅನುಭವ

ಮನೆಯಲ್ಲಿ ಸಿನಿಮಾ ನೋಡೋಕೆ ಡಿಸ್ಕ್ ಇಟ್ಟುಕೊಳ್ಳಬೇಕಾ, ಡೌನ್‌ಲೋಡ್ ಸಾಕಾ? ನಮ್ಮ ಮನೆಗೆ ಬಂದವರು ಅಲಮಾರಿ ನೋಡಿದ ಕೂಡಲೇ ಇದನ್ನೇ ಕೇಳುತ್ತಾರೆ. ಒಂದು ಸಲ ನೋಡಿ ಬಿಡುವ ಸಿನಿಮಾಗೆ ಡೌನ್‌ಲೋಡ್ ಸಾಕು. ಮತ್ತೆ ಮತ್ತೆ ನೋಡುವಂಥದ್ದು ನಮ್ಮ ಕೈಯಲ್ಲೇ ಇರಬೇಕು.

ಆ್ಯಪ್‌ನಲ್ಲಿ ಇಳಿಸಿಕೊಂಡ ಸಿನಿಮಾ ನಮ್ಮದಲ್ಲ. ಆ ಫೈಲ್ ಆ ಆ್ಯಪ್ ಒಳಗಷ್ಟೇ ಓಡುತ್ತೆ, ಅದಕ್ಕೊಂದು ಗಡುವು ಇರುತ್ತೆ, ಚಂದಾ ನಿಂತರೆ ಅದೂ ನಿಲ್ಲುತ್ತೆ, ಆ್ಯಪ್‌ನವರ ಹಕ್ಕಿನ ಒಪ್ಪಂದ ಮುಗಿದರೆ ಸಿನಿಮಾನೇ ಇರಲ್ಲ. ನಮ್ಮವ್ವ ಹಬ್ಬಕ್ಕೊಮ್ಮೆ ಹಾಕಿಸಿಕೊಂಡು ನೋಡುತ್ತಿದ್ದ ಹಳೆಯ ಕನ್ನಡ ಸಿನಿಮಾ ಹೀಗೇ ಕಾಣೆಯಾಯಿತು. ಕೊನೆಗೆ ಅದರ ವಿಸಿಡಿ ಸೂಪರ್ ಮಾರ್ಕೆಟ್ ಕಡೆಯ ಒಂದು ಹಳೇ ಅಂಗಡಿಯಲ್ಲಿ ಸಿಕ್ಕಿತು. ಇಂಥ ಡಿಸ್ಕ್ ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿವೆ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರುತ್ತಿತ್ತಲ್ವಾ, ಆಗ ಜನ ಸಂತೆಯಲ್ಲಿ ತರಕಾರಿ ಕೊಂಡ ಹಾಗೆ ಕೊಂಡರು.

ಡಿಸ್ಕ್ ಕೆಡುವ ಮೊದಲೇ ಸಿನಿಮಾನ ಕಾಪಿ ಮಾಡಿಟ್ಟುಕೊಳ್ಳೋದನ್ನು ನಾನು ಶುರು ಮಾಡಿದ್ದು ವಿಸಿಡಿಯಿಂದ. ಅದರಲ್ಲಿ ಕಾಪಿ ತಡೆಯುವ ಲಾಕ್ ಇರಲ್ಲ, ಕೆಲಸ ಸುಲಭ. ಯುಎಸ್‌ಬಿ ಡಿವಿಡಿ ಡ್ರೈವ್ ಲ್ಯಾಪ್‌ಟಾಪ್‌ಗೆ ಹಾಕಿ. ಡಿಸ್ಕ್ ತೆರೆದರೆ ಎಂಪೆಗ್‌ಎವಿ ಅನ್ನೋ ಫೋಲ್ಡರ್ ಕಾಣುತ್ತೆ. ಅದರೊಳಗಿನ ಡ್ಯಾಟ್ ಫೈಲ್‌ನಲ್ಲೇ ಸಿನಿಮಾ ಇರುತ್ತೆ. ಅದನ್ನು ಕಾಪಿ ಮಾಡಿದರೆ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಸಾಫ್ಟ್‌ವೇರ್‌ನಲ್ಲಿ ನೇರ ಓಡುತ್ತೆ. ಒಂದು ಡಿಸ್ಕ್‌ನಲ್ಲಿ ಸುಮಾರು 74 ನಿಮಿಷ ಹಿಡಿಯುತ್ತೆ, ಅದಕ್ಕೇ ಒಂದು ಸಿನಿಮಾಗೆ ಎರಡು ಮೂರು ಡಿಸ್ಕ್.

ಕಾಪಿ ಅರ್ಧಕ್ಕೆ ನಿಂತರೆ ಗಾಬರಿ ಬೇಡ. ಮೊದಲು ತೊಳೆಯಿರಿ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಹತ್ತಿ ಬಟ್ಟೆ. ಒರೆಸುವಾಗ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು, ದುಂಡಗೆ ತಿರುಗಿಸಬಾರದು. ಡೇಟಾ ಸುರುಳಿಯಾಗಿ ಬರೆದಿರುತ್ತೆ. ಅಡ್ಡ ಬಿದ್ದ ಗೀರನ್ನು ಪ್ಲೇಯರ್ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತೆ, ಸುರುಳಿಯ ಉದ್ದಕ್ಕೂ ಬಿದ್ದ ಗೀರನ್ನು ಸರಿಪಡಿಸಿಕೊಳ್ಳುವುದು ಅದಕ್ಕೆ ಕಷ್ಟ. ತೊಳೆದ ಮೇಲೂ ಓದದಿದ್ದರೆ ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ತೂರಿ ಬಂದರೆ ಆ ಜಾಗದ ಲೋಹದ ಪದರ ಉದುರಿದೆ ಅಂತ ಅರ್ಥ. ವಿಸಿಡಿಯಲ್ಲಿ ಆ ಪದರ ಇರೋದು ಚಿತ್ರ ಅಂಟಿಸಿದ ಮೇಲ್ಮೈಗೆ ತೀರಾ ಹತ್ತಿರ. ಕೆಳಗಿನ ಹೊಳೆಯುವ ಬದಿಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ನಿಜವಾಗಿ ಕಾಯಬೇಕಾದ್ದು ಮೇಲಿನ ಬದಿ.

ನಮ್ಮಲ್ಲಿ ಬಿಸಿಲಿನದ್ದೇ ದೊಡ್ಡ ಚಿಂತೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟೋದು ಕಲಬುರಗಿಗೆ ಹೊಸದೇನಲ್ಲ. ಡಿಸ್ಕ್‌ಗಳನ್ನು ಬಿಸಿಲು ತಾಗದ ಒಳಗೋಡೆಯ ಅಲಮಾರಿಯಲ್ಲಿ, ಡಬ್ಬಿಯಲ್ಲೇ ಹಾಕಿ, ನಿಲ್ಲಿಸಿ ಇಟ್ಟಿದ್ದೇನೆ. ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಸೆಕೆಗೆ ಬಾಗುವ ಭಯ. ಮದುವೆ ವಿಡಿಯೋ ಥರ ಮನೆಯಲ್ಲಿ, ಸ್ಟುಡಿಯೋದಲ್ಲಿ ಬರ್ನ್ ಮಾಡಿದ ಡಿಸ್ಕ್ ಇನ್ನೂ ನಾಜೂಕು. ಅದರಲ್ಲಿ ಡೇಟಾ ಇರೋದು ಬಣ್ಣದ ಪದರದಲ್ಲಿ, ಬೆಳಕು, ಬಿಸಿ ಎರಡಕ್ಕೂ ಅದು ಕೆಡುತ್ತೆ. ಬೇರೆ ಎಲ್ಲ ಬಿಟ್ಟು ಮೊದಲು ಅದನ್ನು ಕಾಪಿ ಮಾಡಿ, ದಯವಿಟ್ಟು.

ಕಾಪಿಗಳು ಎರಡು ಹಾರ್ಡ್ ಡಿಸ್ಕ್‌ನಲ್ಲಿವೆ, ಒಂದು ಮನೆಯಲ್ಲಿ, ಇನ್ನೊಂದು ತಮ್ಮನ ಮನೆಯಲ್ಲಿ. ಕರೆಂಟ್ ಹೋದರೆ ರೂಟರ್ ಆರುತ್ತೆ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಸಿನಿಮಾ ಮುಂದುವರಿಯುತ್ತೆ. ಹಾರ್ಡ್ ಡಿಸ್ಕ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ, ಹಾಗಾಗಿ ಟಿವಿ ಒಪ್ಪಿದರೆ ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್ ಮಾಡಿಕೊಳ್ಳಿ. ಲಾಕ್ ಇರುವ ಡಿವಿಡಿ, ಬ್ಲೂ-ರೇಗಳನ್ನು ನಾನು ಮುಟ್ಟಲ್ಲ, ಡಿಸ್ಕ್ ಹಾಕಿಯೇ ನೋಡುತ್ತೇನೆ.

ಚಿತ್ರದ ಗುಣಮಟ್ಟದ ಮಾತಿಗೆ ಬಂದರೆ ವಿಸಿಡಿ ಸೋಲುತ್ತೆ, ಅದರಲ್ಲಿ ಎರಡು ಮಾತಿಲ್ಲ. 352×288 ಚುಕ್ಕಿಗಳನ್ನು ದೊಡ್ಡ ಟಿವಿಗೆ ಹಿಗ್ಗಿಸಿದರೆ ಮುಖ ಕಲಸಿ ಹೋಗುತ್ತೆ. ಡಿವಿಡಿ 720×576, ನೋಡಬಹುದು. ಬ್ಲೂ-ರೇ ಕಥೆಯೇ ಬೇರೆ. ಎಚ್‌ಡಿ ಸ್ಟ್ರೀಮಿಂಗ್ ಸೆಕೆಂಡಿಗೆ ಸುಮಾರು 5 ಮೆಗಾಬಿಟ್‌ನಲ್ಲಿ ಬರುತ್ತೆ, ಬ್ಲೂ-ರೇಯಲ್ಲಿ ಚಿತ್ರ ಒಂದಕ್ಕೇ 40ರವರೆಗೆ ಜಾಗ ಇದೆ. ರಾತ್ರಿಯ ದೃಶ್ಯ, ಮಳೆ, ಹೊಗೆ ಬಂದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಆದರೆ ಕನ್ನಡ ಸಿನಿಮಾಗಳು ಬ್ಲೂ-ರೇಯಲ್ಲಿ ಬಂದದ್ದು ತೀರಾ ಕಡಿಮೆ, ಇದು ನನಗೆ ಬಹಳ ಬೇಜಾರಿನ ವಿಷಯ. ಹೊರದೇಶದಿಂದ ತರಿಸುವವರು ರೀಜನ್, ಅಂದರೆ ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತೆ ಅನ್ನೋ ಗುರುತು, ನೋಡಿ: ನಮ್ಮ ಡಿವಿಡಿ ರೀಜನ್ 5, ಅಮೆರಿಕದ್ದು 1. ಬ್ಲೂ-ರೇಯಲ್ಲಿ ನಮ್ಮದು ಸಿ, ಅವರದ್ದು ಎ.

ಪ್ಲೇಯರ್‌ಗಳು ಈಗ ಅಂಗಡಿಗಳಲ್ಲಿ ಕಡಿಮೆಯಾಗಿವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಬರೀ ಹೊಸ ಡಿಸ್ಕ್ ಹಾಕಿ ತೋರಿಸಿದ್ದನ್ನು ನಂಬಬೇಡಿ. ನಿಮ್ಮದೇ ಗೀರು ಬಿದ್ದ ವಿಸಿಡಿ ಒಂದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ, ಕೊನೆಯ ಹತ್ತು ನಿಮಿಷಕ್ಕೆ ಓಡಿಸಿ ನೋಡಿ. ಕೆಲವು ಬ್ಲೂ-ರೇ ಪ್ಲೇಯರ್‌ಗಳು ವಿಸಿಡಿಯನ್ನು ಓದುವುದೇ ಇಲ್ಲ, ಅದನ್ನು ದುಡ್ಡು ಕೊಡುವ ಮೊದಲೇ ಖಾತ್ರಿ ಮಾಡಿಕೊಳ್ಳಿ.