ಕ್ವಾಲಿಸ್‌ನ ಕ್ರೌನ್ ಆಯಿಲ್ ನಾನೇ ಬದಲಿಸಿದ್ದು

ಎಂಜಿನ್ ಆಯಿಲ್ ಯಾವಾಗ ಹಾಕಿಸಿದ್ರಿ ಅಂದರೆ ಕಿಲೋಮೀಟರ್ ಸಮೇತ ಒಪ್ಪಿಸುವವರು, ಕ್ರೌನ್ ಆಯಿಲ್ ಅಂದ ಕೂಡಲೇ ಮುಖಮುಖ ನೋಡಿಕೊಳ್ಳುತ್ತಾರೆ. ಹಿಂದಿನ ಎರಡು ಚಕ್ರಗಳ ನಡುವೆ, ಆಕ್ಸಲ್ ಮಧ್ಯದಲ್ಲಿ ಕುಂಬಳಕಾಯಿಯಂತೆ ಉಬ್ಬಿರುವ ಹೌಸಿಂಗ್ ಇದೆಯಲ್ಲ, ಅದರೊಳಗಿನ ಎಣ್ಣೆ ಅದು. ನಮ್ಮ ಮನೆಯ ಕ್ವಾಲಿಸ್ ಎರಡನೇ ಕೈಯಿಂದ ಬಂದ ಗಾಡಿ. ಮೊದಲಿನ ಮಾಲೀಕರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಕ್ವಾಲಿಸ್ ತಯಾರಾಗುವುದು ನಿಂತೇ 20 ವರ್ಷ ದಾಟಿತು. ಅಷ್ಟು ವರ್ಷ ಅದೇ ಎಣ್ಣೆಯಲ್ಲಿ ಓಡಿದ್ದರೂ ನನಗೆ ಆಶ್ಚರ್ಯವಿಲ್ಲ.

ಸಾಗರದಿಂದ ಹೊನ್ನಾವರದ ಕಡೆ ಹೋಗುವಾಗ ಅರವತ್ತು ದಾಟಿದರೆ ಹಿಂದಿನಿಂದ ಸಣ್ಣಗೆ ಒಂದು ಊಳು ಕೇಳುತ್ತಿತ್ತು. ಆಕ್ಸಲರೇಟರ್ ಒತ್ತಿದಾಗ ಬರುವುದು, ಕಾಲು ತೆಗೆದರೆ ಅಡಗುವುದು. ಇಂಥ ಸದ್ದಿನಲ್ಲಿ ಮೊದಲು ಗಮನಿಸಬೇಕಾದದ್ದು ಅದನ್ನೇ. ಕಾಲು ಒತ್ತಿದರೂ ಬಿಟ್ಟರೂ ಒಂದೇ ಸಮ ಬರುತ್ತಿದ್ದರೆ ಚಕ್ರದ ಬೇರಿಂಗ್ ಅಥವಾ ಟಯರ್ ಇರಬಹುದು. ಕಾಲಿನ ಜೊತೆ ಬದಲಾದರೆ ಅನುಮಾನ ಕ್ರೌನ್ ಮತ್ತು ಪಿನಿಯನ್ ಮೇಲೆ, ಅಂದರೆ ಹೌಸಿಂಗಿನೊಳಗೆ ಹಲ್ಲಿಗೆ ಹಲ್ಲು ಕೊಟ್ಟು ತಿರುಗುವ ದೊಡ್ಡ ಗೇರು ಮತ್ತು ಚಿಕ್ಕ ಗೇರಿನ ಮೇಲೆ. ಗ್ಯಾರೇಜಿನಲ್ಲಿ ಹೇಳಿದೆ. "140 ಹಾಕ್ಸಿಬಿಡಿ ಸಾರ್, ಸದ್ದು ಅಡಗತ್ತೆ" ಅಂದರು.

140 ಅಂದರೆ 90ಕ್ಕಿಂತ ದಪ್ಪನೆಯ ಗೇರ್ ಆಯಿಲ್. ಸದ್ದು ಅಡಗುತ್ತದೆ, ಅದು ಸುಳ್ಳಲ್ಲ. ಎಣ್ಣೆ ದಪ್ಪ ಆದಷ್ಟೂ ಹಲ್ಲಿನ ಸದ್ದು ಮೆತ್ತಗಾಗುತ್ತದೆ. ಸವೆತ ಮಾತ್ರ ಹಾಗೇ ಇರುತ್ತದೆ, ನಮಗೆ ಕೇಳುವುದಿಲ್ಲ ಅಷ್ಟೆ. ಭಾರ ಹೊರುವ ಲಾರಿಗಳಿಗೆ 85ಡಬ್ಲ್ಯೂ-140 ಬರೆದಿರುತ್ತಾರೆ (ಡಬ್ಲ್ಯೂ ಜೊತೆಗಿನ ಸಂಖ್ಯೆ ಚಳಿಯಲ್ಲಿನ ಹರಿವಿಗೆ, ಕೊನೆಯದು ಬಿಸಿಯಲ್ಲಿನ ದಪ್ಪಕ್ಕೆ), ಅಲ್ಲಿ ಅದಕ್ಕೆ ಕಾರಣವಿದೆ. ನನ್ನ ಗಾಡಿಗೆ 90 ಸಾಕು.

ಅದಕ್ಕಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಗ್ಯಾರೇಜಿನ ಮೂಲೆಯಲ್ಲಿದ್ದ ಡ್ರಮ್ಮು. ಗೇರ್‌ಬಾಕ್ಸಿಗೂ ಅದೇ, ಹೌಸಿಂಗಿಗೂ ಅದೇ. "ನೈಂಟಿ ಆಯಿಲ್" ಅಂದರೆ ಸಾಕು, ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ. 90 ಅನ್ನುವುದು ದಪ್ಪದ ಸಂಖ್ಯೆ ಮಾತ್ರ. ಅದೂ ಎಂಜಿನ್ ಆಯಿಲಿನ ಲೆಕ್ಕವಲ್ಲ. 90 ಗೇರ್ ಆಯಿಲ್ ಬಿಸಿಯಲ್ಲಿ ಹೆಚ್ಚುಕಡಿಮೆ 40, 50 ನಂಬರಿನ ಎಂಜಿನ್ ಆಯಿಲಿನಷ್ಟೇ ದಪ್ಪ. ಡಬ್ಬದ ಮೇಲೆ ನೋಡಬೇಕಾದದ್ದು ಗೇರ್ ಆಯಿಲಿನ ದರ್ಜೆ, ಜಿಎಲ್-4 ಇದೆಯೋ ಜಿಎಲ್-5 ಇದೆಯೋ ಎಂದು.

ಇದಕ್ಕೆ ಕಾರಣ ಹೌಸಿಂಗಿನ ಒಳಗಿದೆ. ಪಿನಿಯನ್ನು ಕ್ರೌನ್ ವೀಲ್‌ನ ನಡುಮಟ್ಟಕ್ಕೆ ಬಂದು ಸೇರುವುದಿಲ್ಲ, ಸ್ವಲ್ಪ ಕೆಳಗೆ ಕೂತಿರುತ್ತದೆ. ಹೈಪಾಯ್ಡ್ ಗೇರ್ ಅನ್ನುವುದು ಇದನ್ನೇ. ಹೀಗೆ ಮಾಡಿದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ತಗ್ಗಿನಲ್ಲಿ ಹಾಯುತ್ತದೆ, ಹಲ್ಲೂ ಗಟ್ಟಿ. ಆದರೆ ಹಲ್ಲು ಹಲ್ಲಿನ ಮೇಲೆ ಬರೀ ಉರುಳುವುದಿಲ್ಲ, ವಿಪರೀತ ಒತ್ತಡದಲ್ಲಿ ಉಜ್ಜಿಕೊಂಡು ಜಾರುತ್ತದೆ. ಬರಿಯ ಎಣ್ಣೆಯ ಪದರ ಅಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಗಂಧಕ, ರಂಜಕದ ಅಂಶಗಳನ್ನು ಬೆರೆಸಿರುತ್ತಾರೆ. ಉಜ್ಜಿದ ಬಿಸಿಗೆ ಅವು ಉಕ್ಕಿನ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತವೆ, ಹರಿಯುವುದು ಆ ಪೊರೆ, ಹಲ್ಲು ಉಳಿಯುತ್ತದೆ. ಜಿಎಲ್-5ರಲ್ಲಿ ಈ ಅಂಶ ಹೆಚ್ಚು, ಜಿಎಲ್-4ರಲ್ಲಿ ಕಡಿಮೆ. ಹಾಗಂತ ಜಿಎಲ್-5 ಎಲ್ಲ ಕಡೆ ಸುರಿಯುವ ಹಾಗಿಲ್ಲ. ಗೇರ್‌ಬಾಕ್ಸಿನೊಳಗಿನ ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಬಳೆಗಳು) ಕೆಲವು ಜಿಎಲ್-5 ಎಣ್ಣೆ ಒಗ್ಗುವುದಿಲ್ಲ. ಒಂದೇ ಡ್ರಮ್ಮಿನಿಂದ ಎರಡಕ್ಕೂ ಹಾಕಿದರೆ ಎರಡರಲ್ಲಿ ಒಂದಕ್ಕೆ ಅನ್ಯಾಯ ಆಗುವ ಸಂಭವವೇ ಹೆಚ್ಚು.

ಹಾಗಾಗಿ 80ಡಬ್ಲ್ಯೂ-90, ಜಿಎಲ್-5, ಸಾಧಾರಣ ಮಿನರಲ್ ಎಣ್ಣೆಯನ್ನೇ ಸೀಲ್ ಒಡೆಯದ ಡಬ್ಬದಲ್ಲಿ ತಂದೆ. ಅಂಗಡಿಯವರು 75ಡಬ್ಲ್ಯೂ-90 ಸಿಂಥೆಟಿಕ್ ತೋರಿಸಿ ಚಳಿಗೆ ಒಳ್ಳೆಯದು ಅಂದರು. 80ಡಬ್ಲ್ಯೂ ಎಣ್ಣೆಯ ಹರಿವನ್ನು ಪರೀಕ್ಷಿಸುವುದೇ ಮೈನಸ್ 26 ಡಿಗ್ರಿಯಲ್ಲಿ. ನಮ್ಮ ಮಲೆನಾಡಿನ ಡಿಸೆಂಬರ್ ಎಷ್ಟೇ ನಡುಗಿಸಿದರೂ ಆ ಮಟ್ಟಕ್ಕೆ ಹೋಗುವುದಿಲ್ಲ. ಸಿಂಥೆಟಿಕ್ ಹೆಚ್ಚು ದಿನ ಬಾಳುತ್ತದೆ, ಬಿಸಿಗೆ ಬೇಗ ಕೆಡುವುದಿಲ್ಲ, ದುಡ್ಡಿದ್ದವರು ಹಾಕಲಿ. ನನಗೆ ಬೇಗ ಬೇಗ ಬದಲಿಸುವುದೇ ವಾಸಿ. ಒಂದೇ ಚಕ್ರ ಸುಮ್ಮನೆ ಜಾರಿ ತಿರುಗುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಇರುವ ಗಾಡಿಯಾದರೆ ಮಾತು ಬೇರೆ. ಅದರೊಳಗಿನ ಕ್ಲಚ್ ಪ್ಲೇಟುಗಳಿಗೆ ಬೇರೆ ಸೇರ್ಪಡೆ ಇರುವ ಎಣ್ಣೆಯೇ ಬೇಕು, ಕೈಪಿಡಿ ನೋಡದೆ ಮುಟ್ಟಬೇಡಿ.

ಕೆಲಸಕ್ಕೆ ಮುಂಚೆ ಸ್ವಲ್ಪ ದೂರ ಓಡಿಸಿಕೊಂಡು ಬಂದೆ, ಎಣ್ಣೆ ಬೆಚ್ಚಗಾದರೆ ತಳದ ಕಸವನ್ನೂ ಎಳೆದುಕೊಂಡು ಇಳಿಯುತ್ತದೆ. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿದೆ, ಗಾಡಿ ಅಲ್ಲೇ ನಿಂತಿತು. ಕ್ವಾಲಿಸ್ ಎತ್ತರದ ಗಾಡಿ, ಜಾಕ್ ಹಾಕದೆ ಕೆಳಗೆ ನುಸುಳಬಹುದು. ಇದು ಅನುಕೂಲಕ್ಕಷ್ಟೇ ಅಲ್ಲ: ಹಿಂಭಾಗ ಮಾತ್ರ ಎತ್ತಿದರೆ ಹೌಸಿಂಗ್ ಮುಂದಕ್ಕೆ ವಾಲಿ ಎಣ್ಣೆಯ ಮಟ್ಟ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟೆ.

ಮೊದಲು ಬಿಚ್ಚಬೇಕಾದದ್ದು ಮೇಲಿನ ಪ್ಲಗ್, ಎಣ್ಣೆ ತುಂಬುವುದು. ಕೆಳಗಿನದ್ದನ್ನು ಬಿಚ್ಚಿ ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನದ್ದು ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ ಗಾಡಿ ಅಂಗಳ ಬಿಟ್ಟು ಕದಲುವುದಿಲ್ಲ. ನಮ್ಮದೂ ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಊಟ ಮುಗಿಸಿ ಬಂದು, ರಿಂಗ್ ಸ್ಪ್ಯಾನರ್‌ಗೆ ಪೈಪ್ ತೂರಿಸಿ ಹಾಕಿದೆ. ಟಕ್ ಎಂದು ಸಡಿಲವಾಯಿತು. ಬಾಯಿ ತೆರೆದ ಸ್ಪ್ಯಾನರ್ ಇಲ್ಲಿ ಬೇಡ, ಮೂಲೆ ಸವೆದು ಗುಂಡಗಾಗುತ್ತದೆ.

ಕೆಳಗಿನ ಪ್ಲಗ್ ತೆಗೆದಾಗ ಬಂದದ್ದು ಕಪ್ಪು ಡಿಕಾಕ್ಷನ್ ಬಣ್ಣದ ಎಣ್ಣೆ, ಜೊತೆಗೆ ಆ ಗಂಧಕದ ಕೊಳೆತ ವಾಸನೆ. ಆ ವಾಸನೆಗೆ ಗಾಬರಿ ಬೇಡ, ಹೊಸ ಡಬ್ಬದಲ್ಲೂ ಇರುತ್ತದೆ, ಬಟ್ಟೆಗೆ ಅಂಟಿದರೆ ಮಾತ್ರ ಹೋಗುವುದಿಲ್ಲ. ಪ್ಲಗ್‌ಗೆ ಮೆತ್ತಿದ್ದ ಕೆಸರನ್ನು ಬೆರಳ ನಡುವೆ ಉಜ್ಜಿ ನೋಡಿದೆ. ಬೂದು ಬಣ್ಣದ ನುಣುಪಾದ ಲೇಪ, ಬೆಳಕಿಗೆ ಹಿಡಿದರೆ ಸಣ್ಣಗೆ ಮಿನುಗುತ್ತದೆ, ಆದರೆ ಚುಚ್ಚುವುದಿಲ್ಲ. ಇದು ವಯಸ್ಸಿಗೆ ತಕ್ಕ ಸವೆತ. ಉಗುರಿನ ಚೂರಿನಂಥ ತುಣುಕು ಸಿಕ್ಕಿದ್ದರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ ಎಂದು ಅರ್ಥ, ಆಗ ಹೊಸ ಎಣ್ಣೆ ಹಾಕಿ ಮುಚ್ಚುವುದರಿಂದ ಪ್ರಯೋಜನವಿಲ್ಲ. ನಾನು ಇಳಿದ ಎಣ್ಣೆಯೊಳಗೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನೂ ಆಡಿಸಿ ನೋಡಿದೆ, ತುಣುಕು ಏನೂ ಸಿಗಲಿಲ್ಲ.

ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಹೋಗಿದೆ. ಮಳೆಗಾಲದಲ್ಲಿ ಹಳ್ಳ ದಾಟುವ ನಮ್ಮಂಥವರು ಬ್ರೀದರ್ ನೋಡಲೇಬೇಕು. ಆಕ್ಸಲ್ ಮೇಲೆ ಬೆರಳ ತುದಿಯಷ್ಟು ದೊಡ್ಡ ಟೊಪ್ಪಿಗೆಯ ಹಾಗೆ ಕೂತಿರುತ್ತದೆ, ಒಳಗಿನ ಗಾಳಿ ಹಿಗ್ಗಿದರೆ ಹೊರಬಿಡಲು, ಕುಗ್ಗಿದರೆ ಒಳಗೆ ಎಳೆಯಲು. ಘಟ್ಟ ಹತ್ತಿ ಕಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಬ್ರೀದರ್‌ನಲ್ಲಿ ಕೆಸರು ಒಣಗಿ ಕೂತಿದ್ದರೆ ಗಾಳಿಗೆ ದಾರಿಯಿಲ್ಲ, ಆ ಸೆಳೆತಕ್ಕೆ ಆಯಿಲ್ ಸೀಲ್ ಅಂಚಿನಿಂದ ನೀರೇ ಒಳಗೆ ಬರುತ್ತದೆ. ನಮ್ಮದು ಕೆಂಪು ಮಣ್ಣಿನಿಂದ ಪೂರ್ತಿ ಮುಚ್ಚಿತ್ತು. ಡೀಸೆಲ್‌ನಲ್ಲಿ ತೊಳೆದು, ಟೊಪ್ಪಿಗೆ ಕೈಯಲ್ಲಿ ತಿರುಗುವವರೆಗೆ ಬಿಡಲಿಲ್ಲ.

ಕೆಳಗಿನ ಪ್ಲಗ್‌ಗೆ ಹೊಸ ವಾಷರ್ ಹಾಕಿ ಬಿಗಿದೆ. ತುಂಬುವುದಕ್ಕೆ ಕೆಳಗೆ ಮಲಗಿ ಒದ್ದಾಡುವ ಬದಲು ಚಕ್ರದ ಮೇಲಿನಿಂದ ಉದ್ದ ಪೈಪ್ ಇಳಿಸಿ, ತುದಿಯನ್ನು ಪ್ಲಗ್ ಕಂಡಿಗೆ ತೂರಿಸಿ, ಮೇಲೆ ಆಲಿಕೆ ಇಟ್ಟೆ. ಭಾವಮೈದ ಸುರಿದ, ನಾನು ಕೆಳಗೆ ಕಾದೆ. ಎಣ್ಣೆ ಕಂಡಿಯ ಅಂಚಿಗೆ ಬಂದು ತೊಟ್ಟಿಕ್ಕಿದಾಗ "ಸಾಕು" ಅಂದೆ. ತೊಟ್ಟಿಕ್ಕುವುದು ಪೂರ್ತಿ ನಿಂತ ಮೇಲೆ ಕಿರುಬೆರಳು ಒಳಗೆ ಹಾಕಿ ಬಗ್ಗಿಸಿದರೆ ಎಣ್ಣೆ ತಾಗಬೇಕು, ಅದೇ ಮಟ್ಟ. ಇರಲಿ ಎಂದು ಹೆಚ್ಚಿಗೆ ತುಂಬಿದರೆ ಸೀಲ್ ದಾಟಿ ಹಿಂದಿನ ಡ್ರಮ್ ಬ್ರೇಕಿನ ಲೈನರ್ ಮೇಲೆ ಇಳಿಯುತ್ತದೆ. ಘಟ್ಟದಲ್ಲಿ ಅದು ತಮಾಷೆಯಲ್ಲ.

ಮರುದಿನ ಹೊನ್ನಾವರಕ್ಕೆ ಹೋಗಿಬಂದೆವು. ಊಳು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ, ಹೋಗುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ. ಇನ್ನು 40,000 ಕಿ.ಮೀ.ಗೊಮ್ಮೆ ಬದಲಿಸುವುದು, ಹಳ್ಳದ ನೀರಲ್ಲಿ ಆಕ್ಸಲ್ ಮುಳುಗಿದರೆ ಆ ವಾರವೇ ಪ್ಲಗ್ ಬಿಚ್ಚಿ ನೋಡುವುದು ಎಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಇಳಿಸಿದ ಎಣ್ಣೆಯನ್ನು ಬೇಲಿ ಗೂಟಕ್ಕೆ ಬಳಿಯಲು ಪಕ್ಕದ ಮನೆಯವರು ಕೇಳಿದರು. ಬಾವಿ ಹತ್ತಿರದ ಬೇಲಿ, ಕೊಡಲಿಲ್ಲ. ಹಳೆ ಎಣ್ಣೆ ಒಯ್ಯುವವರು ಬರುವ ಗ್ಯಾರೇಜಿಗೆ ಡಬ್ಬದಲ್ಲಿ ಮುಟ್ಟಿಸಿದೆ. ಉಳಿದ ಹೊಸ ಎಣ್ಣೆ ಗೇರ್‌ಬಾಕ್ಸಿಗೆ ಆಗುತ್ತಾ ಭಾವ ಎಂದು ಭಾವಮೈದ ಕೇಳಿದ. ಡಬ್ಬದ ಮೇಲೆ ಮಾರ್ಕರ್‌ನಲ್ಲಿ "ಕ್ರೌನ್ ಮಾತ್ರ" ಎಂದು ಬರೆದು ಅಟ್ಟದ ಮೇಲಿಟ್ಟೆ.